ಸ್ನಾರ್ಕೆಲ್ ಅಂದರೆ ಏನು, ಯಾಕೆ, ಹೇಗೆ? ತುಮಕೂರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವನು. ಶನಿವಾರ, ಭಾನುವಾರ ಈಜು ಹೇಳಿಕೊಡುತ್ತೇನೆ. ವರ್ಷಕ್ಕೆ ಒಂದೆರಡು ಸಲ ಸಣ್ಣ ಗುಂಪು ಕಟ್ಟಿಕೊಂಡು ಮುರುಡೇಶ್ವರಕ್ಕೆ ಹೋಗಿ ಬರುತ್ತೇನೆ. ಸ್ನಾರ್ಕೆಲ್ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರುತ್ತವೆ. ಈಜುಕೊಳದ ಪಕ್ಕ ಕಾಯುತ್ತಾ ಕೂತಿರುವ ಅಮ್ಮಂದಿರು ಕೇಳುತ್ತಾರೆ, ಟೀ ಅಂಗಡಿ ಮುಂದೆ ಜೀಪ್ ನಿಲ್ಲಿಸಿಕೊಂಡ ಹುಡುಗರು ಕೇಳುತ್ತಾರೆ, ದಿನಾ ಪದಬಂಧ ಬಿಡಿಸುವ ನಮ್ಮ ಬೀದಿಯ ಮೇಷ್ಟ್ರು ಪದದ ಮೂಲ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಇದನ್ನು ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಪರವಾಗಿಲ್ಲ. ಆದರೆ ಉದ್ದ ಕೊಳವೆಯ ಪ್ರಶ್ನೆ, ಕೆರೆ ಮತ್ತು ಕೃಷಿ ಹೊಂಡದ ಪ್ರಶ್ನೆ, ಇವೆರಡನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಸ್ನಾರ್ಕೆಲ್ ಅಂದರೆ ಏನು?

ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ. ಮುಖ ನೀರೊಳಗೆ, ಕೊಳವೆಯ ತುದಿ ನೀರಿನ ಮೇಲೆ. ಬೋರಲಾಗಿ ತೇಲುತ್ತಾ, ಪ್ರತಿ ಉಸಿರಿಗೂ ತಲೆ ಎತ್ತದೆ, ಕೆಳಗಿರುವುದನ್ನು ನೋಡುತ್ತಾ ಇರಬಹುದು. ಅಷ್ಟೇ ಅದರ ಕೆಲಸ. ಒಳಗೆ ಗಾಳಿ ತುಂಬಿರುವುದಿಲ್ಲ, ಸಿಲಿಂಡರ್ ಇಲ್ಲ, ಮೋಟರ್ ಇಲ್ಲ. ನೀವು ಎಳೆದುಕೊಂಡಷ್ಟು ಗಾಳಿ ಬರುತ್ತದೆ, ಬಿಟ್ಟಷ್ಟು ಹೋಗುತ್ತದೆ.

ಮೂಗು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಕಣ್ಣು, ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕಿನ ಒಳಗೆ ಇರುತ್ತದೆ, ಉಸಿರೆಲ್ಲ ಬಾಯಿಂದ. ಮೊದಲ ದಿನ ಎಲ್ಲರಿಗೂ ಕಷ್ಟ ಆಗುವುದು ಇಲ್ಲೇ. ಹುಟ್ಟಿದಾಗಿನಿಂದ ಮೂಗಲ್ಲಿ ಉಸಿರಾಡಿದವರು ನಾವು, ಒಂದೇ ದಿನಕ್ಕೆ ಬಾಯಿಗೆ ಬದಲಾಯಿಸು ಅಂದರೆ ಮೈ ಒಪ್ಪುವುದಿಲ್ಲ. ಮನೆಯಲ್ಲಿ ಟಿವಿ ನೋಡುತ್ತಾ ಹತ್ತು ನಿಮಿಷ ಮಾಸ್ಕ್, ಕೊಳವೆ ಎರಡನ್ನೂ ಹಾಕಿಕೊಂಡು ಕೂರಿ. ಮಕ್ಕಳು ನಗುತ್ತಾರೆ, ನಗಲಿ. ನೀರಿಗೆ ಇಳಿದಾಗ ಅರ್ಧ ಕೆಲಸ ಮುಗಿದಿರುತ್ತದೆ.

ಈ ಪದ ಎಲ್ಲಿಂದ ಬಂತು?

ಈಜುವವರಿಂದ ಬಂದಿದ್ದಲ್ಲ, ಯುದ್ಧದಿಂದ ಬಂದಿದ್ದು. ಹಿಂದಿನ ಸಬ್‌ಮರೀನ್‌ಗಳು ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಿದ್ದವು, ನೀರೊಳಗೆ ಆ ಬ್ಯಾಟರಿಯಲ್ಲೇ ಓಡುತ್ತಿದ್ದವು. ಎಂಜಿನ್‌ಗೆ ಗಾಳಿ ಬೇಕು. ಗಾಳಿಗಾಗಿ ಮೇಲೆ ಬಂದರೆ ಶತ್ರುವಿನ ಕಣ್ಣಿಗೆ ಬೀಳುತ್ತವೆ. ಅದಕ್ಕೆ 1930ರ ದಶಕದಲ್ಲಿ ಡಚ್ ನೌಕಾಪಡೆಯ ವಿಖರ್ಸ್ ಅನ್ನುವ ಅಧಿಕಾರಿ ಒಂದು ದಾರಿ ಹುಡುಕಿದರು. ಸಬ್‌ಮರೀನ್ ನೀರೊಳಗೇ ಇರಲಿ, ಒಂದು ಉದ್ದ ಕೊಳವೆ ಮಾತ್ರ ಮೇಲೆ ಬಂದು ಗಾಳಿ ಎಳೆದುಕೊಳ್ಳಲಿ ಅಂತ. ಡಚ್ಚರು ಅದನ್ನು ‘ಸ್ನೈವರ್’ ಅಂದರು, ಮೂಸುವಂಥದ್ದು ಅಂತ ಅರ್ಥ. 1940ರಲ್ಲಿ ಜರ್ಮನಿ ಆ ದೇಶವನ್ನು ಹಿಡಿದಾಗ ಈ ಕೊಳವೆ ಇದ್ದ ಸಬ್‌ಮರೀನ್‌ಗಳೂ ಅವರ ಕೈಗೆ ಸಿಕ್ಕವು. 1943ರಲ್ಲಿ ಜರ್ಮನರು ತಮ್ಮ ಸಬ್‌ಮರೀನ್‌ಗಳಿಗೆ ಅದನ್ನು ಹಾಕಿ ನೋಡಿದರು, 1944ರ ಹೊತ್ತಿಗೆ ಬಳಕೆಗೆ ತಂದರು. ಅವರಿಟ್ಟ ಹೆಸರು ‘ಶ್ನೊರ್ಖೆಲ್’. ಆಡುಮಾತಲ್ಲಿ ಅದಕ್ಕೆ ಮೂಗು ಅಂತ ಅರ್ಥ, ಜರ್ಮನಿನಲ್ಲಿ ಗೊರಕೆ ಹೊಡೆಯುವುದಕ್ಕೆ ಇರುವ ಪದದ ನಂಟು ಅದಕ್ಕಿದೆ.

ನನಗೆ ಇದು ತುಂಬ ಇಷ್ಟವಾದ ವಿಷಯ. ಮೈಯೆಲ್ಲ ನೀರೊಳಗೆ ಮುಳುಗಿಸಿ, ಮೂಗು ಮಾತ್ರ ಮೇಲಿಟ್ಟು, ಗೊರ್ ಗೊರ್ ಅಂತ ಸದ್ದು ಮಾಡುವ ವಸ್ತು. ಈಜುಗಾರನ ಕೊಳವೆಯಲ್ಲಿ ಒಂದು ತೊಟ್ಟು ನೀರು ಉಳಿದರೂ ಥೇಟ್ ಗೊರಕೆಯದೇ ಸದ್ದು ಬರುತ್ತದೆ. ಒಂದು ಸಲ ಕೇಳಿದವರು ಈ ಹೆಸರನ್ನು ಮರೆಯಲ್ಲ.

ಆಮೇಲೆ ಅಮೆರಿಕದವರು ಅದನ್ನು ತಮ್ಮ ನಾಲಗೆಗೆ ಒಗ್ಗುವ ಹಾಗೆ ಸ್ನಾರ್ಕೆಲ್ ಮಾಡಿಕೊಂಡರು, ಬ್ರಿಟಿಷ್ ನೌಕಾಪಡೆಯವರು ‘ಸ್ನಾರ್ಟ್’ ಅಂದರು. ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಈಜುವವರ ಬಾಯಿಯ ಕೊಳವೆಗೂ ಇದೇ ಹೆಸರು ಗಟ್ಟಿಯಾಯಿತು. ಕೊಳವೆ ಮಾತ್ರ ಬಹಳ ಹಳೆಯದು, ಹೆಸರೇ ಹೊಸದು. ಸುಮಾರು 2300 ವರ್ಷದ ಹಿಂದೆಯೇ ಗ್ರೀಸಿನ ಅರಿಸ್ಟಾಟಲ್, ಮುಳುಗುಗಾರರ ಉಸಿರಾಟದ ಸಾಧನವನ್ನು ಆನೆ ಸೊಂಡಿಲಿಗೆ ಹೋಲಿಸಿ ಬರೆದಿದ್ದಾನೆ.

ಈಗಲೂ ಸಬ್‌ಮರೀನ್‌ಗಳಲ್ಲಿ ಇದು ಇದೆಯಾ?

ಇದೆ. ಡೀಸೆಲ್ ಸಬ್‌ಮರೀನ್‌ಗಳಿಗೆ ಇವತ್ತಿಗೂ ಬೇಕು. 2017ರಲ್ಲಿ ನಮ್ಮ ನೌಕಾಪಡೆ ಸೇರಿದ ಐಎನ್ಎಸ್ ಕಲ್ವರಿಯಂಥವೂ ಬ್ಯಾಟರಿ ಚಾರ್ಜ್ ಮಾಡಲು ಆಗಾಗ ಮೇಲ್ಮಟ್ಟದ ಹತ್ತಿರ ಬಂದು ಕೊಳವೆ ಎತ್ತಲೇಬೇಕು. ಅಣುಶಕ್ತಿಯಿಂದ ಓಡುವ ಐಎನ್ಎಸ್ ಅರಿಹಂತ್‌ನಂಥವು ದಿನಾ ಹಾಗೆ ಗಾಳಿಗಾಗಿ ಮೇಲೆ ಬರಬೇಕಿಲ್ಲ.

ಕನ್ನಡದಲ್ಲಿ ಏನನ್ನಬೇಕು? ಹೇಗೆ ಬರೆಯಬೇಕು?

ಸ್ನಾರ್ಕೆಲ್ ಅಂತಲೇ ಬರೆಯಿರಿ. ಸ್ನಾರ್ಕಲ್, ಸ್ನೋರ್ಕೆಲ್ ಅಂತಲೂ ಬರೆಯುತ್ತಾರೆ, ಯಾವುದೂ ತಪ್ಪಲ್ಲ. ಮಾತಾಡುವಾಗ ನಮ್ಮ ಕಡೆ ಕೊನೆಗೆ ಒಂದು ಉಕಾರ ಸೇರಿಸಿ ಸ್ನಾರ್ಕೆಲ್ಲು ಅನ್ನುತ್ತೇವೆ. ಬಸ್ಸು, ಪೆನ್ನು, ಬೈಕು ಆದ ಹಾಗೆ. ಸ್ನಾರ್ಕೆಲ್ಲಲ್ಲಿ ನೀರು ಬಂತು, ಸ್ನಾರ್ಕೆಲ್ಲಿಂದ ಊದು, ಹೀಗೆ ಸಲೀಸಾಗಿ ವಿಭಕ್ತಿ ಅಂಟಿಕೊಳ್ಳುತ್ತದೆ. ಆ ಕೆಲಸಕ್ಕೆ ಸ್ನಾರ್ಕೆಲಿಂಗ್, ಅಥವಾ ಸ್ನಾರ್ಕೆಲ್ ಮಾಡುವುದು.

ಅಚ್ಚ ಕನ್ನಡದ ಪದ ಬೇಕು ಅನ್ನುವವರಿಗೆ ನಾನು ಹೇಳುವುದು ಉಸಿರುಗೊಳವೆ. ಉಸಿರು, ಕೊಳವೆ, ಎರಡೂ ಮನೆಮಾತು, ಮಕ್ಕಳಿಗೂ ತಟ್ಟನೆ ಅರ್ಥವಾಗುತ್ತದೆ. ನಮ್ಮ ಮೇಷ್ಟ್ರು ಮಾತ್ರ ಅದು ಗಂಟಲೊಳಗಿನ ಶ್ವಾಸನಾಳ ಅಂತ ಯಾರಾದರೂ ತಿಳಿದುಕೊಂಡಾರು ಅನ್ನುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ. ಅದಕ್ಕೇ ನಾನು ಮೊದಲ ಸಲ ‘ಸ್ನಾರ್ಕೆಲ್, ಅಂದರೆ ಉಸಿರುಗೊಳವೆ’ ಅಂತ ಎರಡೂ ಹೇಳಿ, ಆಮೇಲೆ ಬಾಯಿಗೆ ಬಂದದ್ದನ್ನು ಬಳಸುತ್ತೇನೆ.

ಸ್ನಾರ್ಕೆಲಿಂಗ್, ಸ್ಕೂಬಾ ಎರಡೂ ಒಂದೇನಾ?

ಅಲ್ಲ. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಇರುತ್ತದೆ, ಆಳಕ್ಕೆ ಹೋಗುತ್ತಾರೆ, ತರಬೇತಿ ಬೇಕು. ಸ್ನಾರ್ಕೆಲಿಂಗ್ ನೀರಿನ ಮೇಲ್ಮಟ್ಟದ್ದು.

ಅಣ್ಣಾ, ಕೊಳವೆ ಉದ್ದ ಮಾಡಿದರೆ ಆಳಕ್ಕೂ ಹೋಗಬಹುದಲ್ವಾ?

ಹೋಗಕ್ಕಾಗಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬ ಹುಡುಗ ಗಾರ್ಡನ್ ಪೈಪ್ ಕತ್ತರಿಸಿಕೊಂಡು ಬಂದು ಇದೇ ಪ್ರಶ್ನೆ ಕೇಳುತ್ತಾನೆ.

ನಾನೂ ಅದನ್ನೇ ಮಾಡಿದ್ದೆ. ನಮ್ಮೂರು ಗುಬ್ಬಿ ತಾಲ್ಲೂಕು. ಆಗ ತೋಟದ ಬಾವಿಯಲ್ಲಿ ನೀರಿತ್ತು, ಕಲ್ಲಿನ ಮೆಟ್ಟಿಲಿತ್ತು. ನನಗೆ ಹತ್ತು ವರ್ಷ ಇರಬೇಕು. ದೊಡ್ಡಪ್ಪನ ಮಗ ಪರಂಗಿ ಗಿಡದಿಂದ ಒಂದು ಎಲೆ ಮುರಿದು, ಎಲೆ ಚಿವುಟಿ ಬಿಸಾಕಿ, ಉದ್ದದ ತೊಟ್ಟು ನನ್ನ ಕೈಗೆ ಕೊಟ್ಟ. ಪರಂಗಿ ಎಲೆಯ ತೊಟ್ಟು ಒಳಗೆ ಟೊಳ್ಳು, ನೋಡಿರುತ್ತೀರಿ. ಮುರಿದ ಕಡೆ ಬಿಳಿ ಹಾಲು ಜಿನುಗುತ್ತಿತ್ತು, ಲುಂಗಿಗೆ ಒರೆಸಿ ಬಾಯಿಗಿಟ್ಟುಕೊಂಡೆ. ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಮೆಟ್ಟಿಲ ಕಲ್ಲು ಹಿಡಿದು ಕೆಳಗಿಳಿದೆ. ತಲೆ ಮುಳುಗುವಷ್ಟಕ್ಕೆ ಉಸಿರು ಬಂತು. ಎಷ್ಟು ಖುಷಿ ಆಯಿತು ಅಂದರೆ ಇನ್ನೊಂದು ಮೆಟ್ಟಿಲು ಇಳಿದೆ. ತೊಟ್ಟಿನ ತುದಿ ಇನ್ನೂ ನೀರಿನ ಮೇಲೇ ಇತ್ತು, ಅಣ್ಣ ಅದನ್ನು ಹಿಡಿದುಕೊಂಡಿದ್ದ. ಆದರೂ ಉಸಿರು ಬರಲಿಲ್ಲ. ಕೊಳವೆ ಮುಚ್ಚಿರಲಿಲ್ಲ, ಗಾಳಿ ಇತ್ತು, ನನ್ನ ಎದೆ ಮಾತ್ರ ಏಳುತ್ತಿರಲಿಲ್ಲ, ಯಾರೋ ಎದೆ ಮೇಲೆ ಕೂತ ಹಾಗೆ. ಗಾಬರಿಯಾಗಿ ತೊಟ್ಟು ಉಗಿದು ಮೇಲೆ ಬಂದೆ. ಸಂಜೆವರೆಗೂ ತುಟಿ ಉರಿಯುತ್ತಿತ್ತು, ಪರಂಗಿ ಹಾಲಿನ ಉರಿ.

ಎದೆ ಯಾಕೆ ಏಳಲಿಲ್ಲ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನೀರಿಗೆ ಭಾರ ಇದೆ. 10 ಮೀಟರ್ ಆಳದ ನೀರು ಇಡೀ ವಾತಾವರಣದಷ್ಟು ಒತ್ತುತ್ತದೆ. ಅಂದರೆ ಬರೀ 1 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ಭಾರ. ನಿಮ್ಮ ಎದೆ 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. 90 ಕೆಜಿ ಆಯಿತು, ಹತ್ತಿರ ಹತ್ತಿರ ಎರಡು ಸಿಮೆಂಟ್ ಮೂಟೆ. ಕೊಳವೆಯಿಂದ ಬರುವ ಗಾಳಿಗೆ ಮಾತ್ರ ಮೇಲಿನ ಒತ್ತಡವೇ ಇರುತ್ತದೆ, ಅದು ಒಳಗಿನಿಂದ ಎದೆಯನ್ನು ಎತ್ತಿ ಹಿಡಿಯುವುದಿಲ್ಲ. ಅಷ್ಟು ಭಾರ ಎತ್ತಿ ಪ್ರತಿ ಉಸಿರೂ ಎಳೆಯುವ ಶಕ್ತಿ ಮನುಷ್ಯರ ಪಕ್ಕೆಗೆ ಇಲ್ಲ. ಸ್ಕೂಬಾದವರು ಆಳದಲ್ಲಿ ಉಸಿರಾಡುವುದು ಹೇಗೆ ಅಂದರೆ, ಸಿಲಿಂಡರಿಗೆ ಜೋಡಿಸಿದ ರೆಗ್ಯುಲೇಟರ್ ಆ ಆಳದ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿ ಕೊಡುತ್ತದೆ. ಉದ್ದ ಕೊಳವೆಯಿಂದ ಜಾಸ್ತಿ ಹಟ ಮಾಡಿ ಎಳೆದರೆ ಶ್ವಾಸಕೋಶದೊಳಗೆ ರಕ್ತದ ನೀರಿನಂಶ ಬಸಿದುಕೊಂಡು ಪ್ರಾಣಕ್ಕೇ ಕುತ್ತು ಬರಬಹುದು.

ಇನ್ನೊಂದು ಕಾರಣವೂ ಇದೆ, ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಎಳೆಯುವ ಗಾಳಿ ಸುಮಾರು ಅರ್ಧ ಲೀಟರ್, ಒಂದು ಹಾಲಿನ ಪ್ಯಾಕೆಟ್‌ನಷ್ಟು. ಉಸಿರು ಬಿಟ್ಟಾಗ ಕೆಟ್ಟ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ, ಕೊಳವೆಯಲ್ಲಿ ಉಳಿದದ್ದು ಮುಂದಿನ ಉಸಿರಿಗೆ ಮೊದಲು ಒಳಗೆ ಬರುತ್ತದೆ. 2 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಉಳಿಯುವುದು ಸುಮಾರು 125 ಮಿಲಿ ಲೀಟರ್. ಪರವಾಗಿಲ್ಲ, ಸ್ವಲ್ಪ ದೀರ್ಘವಾಗಿ ಉಸಿರಾಡಿದರೆ ಸರಿಹೋಗುತ್ತದೆ. ಅದೇ ಕೊಳವೆಯನ್ನು ಒಂದೂವರೆ ಮೀಟರ್ ಮಾಡಿ. 470 ಮಿಲಿ ಲೀಟರ್ ಆಯಿತು. ನೀವು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಕುಡಿಯುತ್ತಾ ಇರುತ್ತೀರಿ. ಇದಕ್ಕೆ ಆಳಕ್ಕೆ ಹೋಗುವುದೂ ಬೇಡ, ದಡದಲ್ಲಿ ಕೂತು ಮಾಡಿದರೂ ತಲೆ ತಿರುಗುತ್ತದೆ. ಅಂಗಡಿಯಲ್ಲಿ ಸಿಗುವ ಸ್ನಾರ್ಕೆಲ್ಲುಗಳೆಲ್ಲ 30ರಿಂದ 40 ಸೆಂಟಿಮೀಟರ್ ಸುತ್ತಮುತ್ತ ಇರುವುದು ಇದಕ್ಕೇ. ಪೈಪ್ ಜೋಡಿಸಿ ಉದ್ದ ಮಾಡಬೇಡಿ, ಮಕ್ಕಳು ಮಾಡುತ್ತಿದ್ದರೆ ಬೈಯದೆ ಈ ಲೆಕ್ಕ ಹಾಕಿ ತೋರಿಸಿ. ಬೈದರೆ ಕದ್ದು ಮಾಡುತ್ತಾರೆ, ಲೆಕ್ಕ ತೋರಿಸಿದರೆ ಬಿಡುತ್ತಾರೆ.

ಮತ್ತೆ ಆನೆ ಹೇಗೆ ಉಸಿರಾಡುತ್ತೆ?

ಒಳ್ಳೆ ಪ್ರಶ್ನೆ, ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು. ಆನೆ ಆಳದ ನೀರು ದಾಟುವಾಗ ಮೈಯೆಲ್ಲ ಮುಳುಗಿ ಸೊಂಡಿಲ ತುದಿ ಮಾತ್ರ ಮೇಲಿರುತ್ತದೆ. ಶ್ವಾಸಕೋಶ ಸುಮಾರು 2 ಮೀಟರ್ ಕೆಳಗಿರುತ್ತದೆ. ಮನುಷ್ಯರಾಗಿದ್ದರೆ ಆಗುತ್ತಿರಲಿಲ್ಲ. ನಮ್ಮ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಎರಡು ತೆಳು ಪೊರೆ ಇವೆ, ಅವುಗಳ ಮಧ್ಯೆ ಒಂದಿಷ್ಟು ದ್ರವ. ಆನೆಗೆ ಆ ಜಾಗದಲ್ಲಿ ಗಟ್ಟಿ ನಾರಿನಂಥ ಅಂಗಾಂಶ ತುಂಬಿಕೊಂಡಿದೆ, ಒತ್ತಡಕ್ಕೆ ಒಳಗಿನ ರಕ್ತನಾಳಗಳು ಒಡೆಯುವುದಿಲ್ಲ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ರಾಜನ್ ಅನ್ನುವ ಆನೆ ಸಮುದ್ರದಲ್ಲಿ ಈಜುವುದಕ್ಕೇ ಹೆಸರಾಗಿತ್ತು, 2016ರಲ್ಲಿ ತೀರಿಕೊಂಡಿತು.

ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಾಗ ಏನು ಮಾಡಿದ ಅಂತಲೂ ಅದೇ ಹುಡುಗಿ ಕೇಳಿದಳು. ಅವನಿಗೆ ಕೊಳವೆ ಬೇಕಿರಲಿಲ್ಲ, ಜಲಸ್ತಂಭದ ಮಂತ್ರ ಇತ್ತು.

ಈಜು ಬರದವರು ಸ್ನಾರ್ಕೆಲ್ ಮಾಡಬಹುದಾ?

ಲೈಫ್ ಜಾಕೆಟ್ ಹಾಕಿಕೊಂಡು, ಪಕ್ಕದಲ್ಲಿ ಗೈಡ್ ಇದ್ದರೆ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ. ಆದರೂ ನನ್ನ ಆಸೆ ಏನೆಂದರೆ, ಹೋಗುವ ಮುಂಚೆ ಎರಡು ವಾರವಾದರೂ ಕೊಳಕ್ಕೆ ಬಂದು ತೇಲುವುದನ್ನು ಕಲಿಯಿರಿ. ಮುಖ ಮುಳುಗಿಸಿ, ಕೈಕಾಲು ಸಡಿಲ ಬಿಟ್ಟು, ಒಂದು ನಿಮಿಷ ಅಲ್ಲಾಡದೆ ಇರುವುದು. ಅದು ಬಂದವರಿಗೆ ಸಮುದ್ರದಲ್ಲಿ ಮೀನು ಕಾಣುತ್ತದೆ. ಬಾರದವರಿಗೆ ತಮ್ಮ ಭಯ ಬಿಟ್ಟು ಬೇರೇನೂ ಕಾಣುವುದಿಲ್ಲ, ಅಷ್ಟು ದುಡ್ಡು ಕೊಟ್ಟು ಹೋಗಿ ಹಾಗಾದರೆ ನನಗೇ ಬೇಜಾರಾಗುತ್ತದೆ.

ಬಿಪಿ, ಹೃದಯದ ತೊಂದರೆ, ಆಸ್ತಮಾ ಇರುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಸಣ್ಣ ಕೊಳವೆಯಿಂದ ಗಾಳಿ ಎಳೆಯುವುದು ನೋಡುವುದಕ್ಕೆ ಸುಲಭ, ಮೈಗೆ ಅದು ಕೆಲಸವೇ. ಉಸಿರು ಕಟ್ಟಿದ ಹಾಗೆ ಅನಿಸಿದ ತಕ್ಷಣ ಕೊಳವೆ ಉಗಿಯಿರಿ, ಅಂಗಾತ ಮಲಗಿ, ಕೈ ಎತ್ತಿ. ಯಾರಿಗೆ ಎಷ್ಟೇ ಈಜು ಬಂದರೂ ಒಬ್ಬರೇ ಹೋಗಬೇಡಿ.

ಈಜು ಚೆನ್ನಾಗಿ ಬರುವ ಹುಡುಗರಿಗೆ ಇನ್ನೊಂದು ಮಾತು. ಕೊಳವೆ ಬಿಟ್ಟು ಉಸಿರು ಬಿಗಿಹಿಡಿದು ಕೆಳಗೆ ಮುಳುಗುವ ಮುಂಚೆ ಬುಸು ಬುಸು ಅಂತ ಹತ್ತಾರು ಸಲ ಉಸಿರು ಎಳೆದು ಬಿಡಬೇಡಿ. ಅದರಿಂದ ಆಮ್ಲಜನಕ ಜಾಸ್ತಿ ಆಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಅಷ್ಟೇ, ಉಸಿರು ಬೇಕು ಅಂತ ಮೈಗೆ ಹೇಳುವುದೇ ಅದು. ಆ ಸೂಚನೆಯೇ ಬರದೆ ನೀರೊಳಗೆ ಪ್ರಜ್ಞೆ ತಪ್ಪುತ್ತದೆ, ಒದ್ದಾಟವೂ ಇರುವುದಿಲ್ಲ, ದಡದಲ್ಲಿದ್ದವರಿಗೆ ಗೊತ್ತೂ ಆಗುವುದಿಲ್ಲ.

ಯಾವ ಮಾಸ್ಕ್, ಯಾವ ಸ್ನಾರ್ಕೆಲ್ ತಗೊಳ್ಳಲಿ?

ದುಡ್ಡು ಹಾಕುವುದಿದ್ದರೆ ಮಾಸ್ಕಿಗೆ ಹಾಕಿ, ಕೊಳವೆ ಸಾಧಾರಣದ್ದು ಸಾಕು. ಮಾಸ್ಕಿನ ಅಂಚು ಸಿಲಿಕೋನ್ ಇರಲಿ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಸ್ವಲ್ಪ ಉಸಿರು ಎಳೆದು, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ್ದು. ದಪ್ಪ ಮೀಸೆ ಇರುವವರಿಗೆ ಮೂಗಿನ ಕೆಳಗೆ ನೀರು ನುಸುಳುತ್ತದೆ, ಮೀಸೆಯ ಮೇಲಿನ ಅಂಚು ಸ್ವಲ್ಪ ಕತ್ತರಿಸಿಕೊಂಡರೆ ಸಾಕು, ಪೂರ್ತಿ ಬೋಳಿಸಬೇಕಿಲ್ಲ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಗಾಜಿನ ಮಾಸ್ಕ್ ಸಿಗುತ್ತವೆ.

ಮಂಜು ಕಟ್ಟುವುದಕ್ಕೆ ಮದ್ದು ಉಗುಳು. ಒಣಗಿದ ಗಾಜಿಗೆ ಒಳಗಡೆ ಉಗುಳಿ, ಬೆರಳಲ್ಲಿ ಸವರಿ, ನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಆಯಿತು. ಹೊಸ ಮಾಸ್ಕ್ ಆದರೆ ಮೊದಲು ಬಿಳಿ ಟೂತ್‌ಪೇಸ್ಟ್ ಹಾಕಿ ಉಜ್ಜಿ ತೊಳೆಯಿರಿ, ಕಾರ್ಖಾನೆಯಿಂದ ಬಂದ ಜಿಡ್ಡಿನ ಪದರ ಹೋಗುತ್ತದೆ.

ಕೊಳವೆಯಲ್ಲಿ ಮೇಲೆ ತೆರೆದಿರುವ ಸಾದಾ ತರಹದ್ದು ಒಂದು, ಅಲೆ ಸಿಡಿಯದ ಹಾಗೆ ಮುಚ್ಚಳ ಇರುವುದು ಒಂದು, ಮುಳುಗಿದರೆ ತಾನೇ ಮುಚ್ಚಿಕೊಳ್ಳುವ ಬೆಂಡಿನ ವಾಲ್ವ್ ಇರುವುದು ಒಂದು. ಕಲಿಯುವವರಿಗೆ ಮೂರನೆಯದನ್ನೇ ಮಾರುತ್ತಾರೆ. ನಾನು ಸಾದಾ ಕೊಳವೆಯಲ್ಲೇ ಕಲಿಸುತ್ತೇನೆ. ನೀರು ಬಂದಾಗ ಊದುವುದನ್ನು ಕಲಿಯದೆ ವಾಲ್ವನ್ನು ನಂಬಿಕೊಂಡರೆ, ಅದರಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡ ದಿನ ಏನೂ ತೋಚುವುದಿಲ್ಲ.

ಕೊಳವೆಯೊಳಗೆ ನೀರು ಬಂದರೆ ಏನು ಮಾಡೋದು?

ಕ್ಯಾಂಡಲ್ ಆರಿಸುವ ಹಾಗಲ್ಲ, ಊದುಕೊಳವೆಯಲ್ಲಿ ಒಲೆ ಊದುವ ಹಾಗೆ. ಹೊಟ್ಟೆಯಿಂದ ಒಂದೇ ಸಲ ‘ಥೂ’ ಅಂತ. ನೀರು ಕಾರಂಜಿಯಂತೆ ಮೇಲೆ ಚಿಮ್ಮುತ್ತದೆ. ಆಮೇಲಿನ ಮೊದಲ ಉಸಿರನ್ನು ನಿಧಾನವಾಗಿ ಎಳೆಯಿರಿ, ಉಳಿದ ಒಂದೆರಡು ತೊಟ್ಟು ಗಂಟಲಿಗೆ ಹೋಗುವುದಿಲ್ಲ. ಇದನ್ನು ಸೊಂಟದ ಮಟ್ಟದ ನೀರಲ್ಲಿ ಇಪ್ಪತ್ತು ಸಲ ಮಾಡಿ. ಹಳ್ಳಿಯಲ್ಲಿ ಬೆಳೆದು ಊದುಕೊಳವೆ ಹಿಡಿದ ಅಜ್ಜಿಯೊಬ್ಬರು, ಮೊಮ್ಮಗನ ಜೊತೆ ಬಂದಿದ್ದವರು, ಒಂದೇ ಸಲಕ್ಕೆ ಸರಿಯಾಗಿ ಊದಿದರು.

ಪೂರ್ತಿ ಮುಖ ಮುಚ್ಚುವ ಮಾಸ್ಕ್ ಒಳ್ಳೆಯದಲ್ವಾ, ಮೂಗಲ್ಲೂ ಉಸಿರಾಡಬಹುದಲ್ಲ?

2014ರಲ್ಲಿ ಒಂದು ಫ್ರೆಂಚ್ ಕಂಪನಿ ಇಂಥದ್ದನ್ನು ತಂದ ಮೇಲೆ ಎಲ್ಲ ಕಡೆ ಬಂದಿವೆ. 2020ರಲ್ಲಿ ಕೋವಿಡ್ ಸಮಯದಲ್ಲಿ ಇಟಲಿಯಲ್ಲಿ ಆಸ್ಪತ್ರೆಯ ಉಸಿರಾಟದ ಮಾಸ್ಕ್ ಸಾಲದೆ ಹೋದಾಗ, ಇವಕ್ಕೇ ತ್ರೀಡಿ ಪ್ರಿಂಟರಲ್ಲಿ ಮಾಡಿದ ವಾಲ್ವ್ ಜೋಡಿಸಿ ಬಳಸಿದರು. ಅಷ್ಟು ಉಪಕಾರದ ವಸ್ತು. ಆದರೂ ಕಲಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಗಾಬರಿಯಾದಾಗ ಕೊಳವೆಯನ್ನು ಉಗಿದ ಹಾಗೆ ಇದನ್ನು ಉಗಿಯಲಾಗುವುದಿಲ್ಲ, ಪಟ್ಟಿ ಬಿಚ್ಚಬೇಕು. ಒಳಗೆ ಜಾಗ ಜಾಸ್ತಿ, ಗಾಳಿ ಹೋಗಿ ಬರುವ ದಾರಿ ಸರಿಯಿಲ್ಲದ ಅಗ್ಗದ ಮಾಲಿನಲ್ಲಿ ಬಿಟ್ಟ ಉಸಿರೇ ಸುತ್ತುತ್ತಿರುತ್ತದೆ. ತಗೊಳ್ಳಲೇಬೇಕು ಅಂದರೆ ಒಳ್ಳೆ ಕಂಪನಿಯದು ತಗೊಂಡು ಕೊಳದಲ್ಲಿ ಹಾಕಿ ನೋಡಿ ಆಮೇಲೆ ಸಮುದ್ರಕ್ಕೆ ಇಳಿಯಿರಿ.

ನಮ್ಮೂರ ಕೆರೆ, ಬಾವಿ, ಕೃಷಿ ಹೊಂಡದಲ್ಲಿ ಸ್ನಾರ್ಕೆಲ್ ಮಾಡಬಹುದಾ?

ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯವರಿಗೆ ಕೈಮುಗಿದು ಹೇಳುತ್ತೇನೆ.

ಕೆರೆಯ ನೀರು ಕದಡಿರುತ್ತದೆ, ಮುಖ ಮುಳುಗಿಸಿದರೆ ಸ್ವಂತ ಕೈಯೂ ಕಾಣುವುದಿಲ್ಲ. ಕೆಳಗೆ ಹೂಳು, ಕಳೆ, ಮುರಿದ ಬಾಟಲಿ, ಮಣ್ಣು ತೆಗೆದ ಗುಂಡಿ. ಕೋಲಾರದ ಕಡೆ ಕೆಸಿ ವ್ಯಾಲಿ ಯೋಜನೆಯಲ್ಲಿ ತುಂಬಿದ ಕೆರೆಗಳಿಗೆ ಬರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಏರಲಿ ಅಂತ ಬಿಟ್ಟ ನೀರು ಅದು, ಬಾಯಿಗೆ ಕೊಳವೆ ಇಟ್ಟುಕೊಂಡು ಇಳಿಯುವ ನೀರಲ್ಲ. ಕಲ್ಲು ಕ್ವಾರಿಯ ಹೊಂಡದಲ್ಲಿ ನೀರು ತಿಳಿಯಾಗಿ ಕಾಣುತ್ತದೆ, ಅದಕ್ಕೇ ಹುಡುಗರು ಮರುಳಾಗುತ್ತಾರೆ. ಅಲ್ಲಿ ದಡ ಅನ್ನುವುದೇ ಇಲ್ಲ, ಒಂದು ಹೆಜ್ಜೆ ಆಚೆ ಹತ್ತಾರು ಅಡಿ ಆಳ, ಹತ್ತುವುದಕ್ಕೆ ಹಿಡಿತ ಇಲ್ಲ.

ಎಲ್ಲಕ್ಕಿಂತ ನನಗೆ ಭಯ ಕೃಷಿ ಹೊಂಡದ್ದು. ಮೂರೂ ಜಿಲ್ಲೆಯಲ್ಲಿ ಸಾವಿರಗಟ್ಟಲೆ ಇವೆ, ನೀರಿಲ್ಲದ ನಮ್ಮ ರೈತರಿಗೆ ಅವು ದೊಡ್ಡ ಆಧಾರ. ಆದರೆ ಆ ಕಪ್ಪು ಪ್ಲಾಸ್ಟಿಕ್ ಹೊದಿಕೆ ಪಾಚಿ ಕಟ್ಟಿ ಜಾರುತ್ತದೆ. ಇಳಿಜಾರಿನ ಮೇಲೆ ಕಾಲಿಟ್ಟರೆ ನೇರ ಒಳಗೆ. ಈಜು ಬರುವವರಿಗೂ ಹತ್ತಿ ಬರುವುದಕ್ಕೆ ಆಗುವುದಿಲ್ಲ, ಉಗುರು ಊರಲು ಜಾಗ ಇರುವುದಿಲ್ಲ. ಒಬ್ಬ ಮಗುವನ್ನು ಎತ್ತಲು ಹೋಗಿ ಇನ್ನೊಬ್ಬರು ಬಿದ್ದ ಸುದ್ದಿ ನೀವೂ ಓದಿರುತ್ತೀರಿ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿಸಿ. ನಾಲ್ಕೂ ಬದಿಗೆ ದಪ್ಪ ಹಗ್ಗವನ್ನು ಅಡಿಗೊಂದು ಗಂಟು ಹಾಕಿ, ಮೇಲೆ ಗೂಟಕ್ಕೆ ಬಿಗಿದು, ನೀರೊಳಗೆ ಇಳಿಬಿಡಿ. ಗಾಳಿ ತುಂಬಿದ ಹಳೇ ಟ್ಯೂಬ್ ಒಂದನ್ನು ತೇಲಲು ಬಿಡಿ. ಒಂದು ಮಧ್ಯಾಹ್ನದ ಕೆಲಸ, ದಯವಿಟ್ಟು ಇದೇ ವಾರ ಮಾಡಿ.

ಹಾಗಾದರೆ ಎಲ್ಲಿಗೆ ಹೋಗೋದು?

ಕರ್ನಾಟಕದಲ್ಲೇ ಅಂದರೆ ನೇತ್ರಾಣಿ. ಮುರುಡೇಶ್ವರದ ಕಡಲಲ್ಲಿ ಸುಮಾರು 19 ಕಿಲೋಮೀಟರ್ ಒಳಗಿರುವ ದ್ವೀಪ, ಪಾರಿವಾಳ ದ್ವೀಪ ಅಂತಲೂ ಹೆಸರು. ತುಮಕೂರಿನವರಿಗೆ ದಾರಿ ಕೇಳುವ ಕೆಲಸವೇ ಇಲ್ಲ, ನಮ್ಮ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ ಅಲ್ವಾ, ಅದನ್ನೇ ಹಿಡಿದು ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಹೊನ್ನಾವರ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಮುರುಡೇಶ್ವರ. ಮಳೆಗಾಲದಲ್ಲಿ ಬೋಟ್ ಹೋಗುವುದಿಲ್ಲ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಹೋಗಿ. ಬೋಟಲ್ಲಿ ವಾಂತಿ ಬರುವವರು ಹತ್ತುವ ಮುಂಚೆಯೇ ಮಾತ್ರೆ ತಗೊಳ್ಳಿ, ಖಾಲಿ ಹೊಟ್ಟೆಯೂ ಬೇಡ, ಗಡದ್ದು ತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ಬೆನ್ನು ಸುಡುತ್ತದೆ, ಮೈಗಂಟುವ ತುಂಬು ತೋಳಿನ ಟೀ ಶರ್ಟ್ ಹಾಕಿ. ಹವಳದ ಮೇಲೆ ಕಾಲಿಡಬೇಡಿ, ಅದು ಬರೀ ಕಲ್ಲಲ್ಲ, ಜೀವ ಇರುವಂಥದ್ದು.

ದೂರ ಹೋಗುವವರಿಗೆ ಮಹಾರಾಷ್ಟ್ರದ ಮಾಲ್ವಣ್, ಲಕ್ಷದ್ವೀಪ, ಅಂಡಮಾನ್ ಇವೆ.

ಜೀಪಿಗೆ ಹಾಕಿಸೋ ಸ್ನಾರ್ಕೆಲ್ ಯಾಕೆ? ಹಾಕಿಸಿದರೆ ನೀರಲ್ಲಿ ಓಡಿಸಬಹುದಾ?

ಅಲ್ಲೂ ಅದೇ ಮೂಗು. ಎಂಜಿನ್ ಗಾಳಿ ಎಳೆಯುವ ಬಾಯಿ ಸಾಮಾನ್ಯವಾಗಿ ಬಾನೆಟ್ ಕೆಳಗೆ ಇರುತ್ತದೆ. ಅದನ್ನು ಕೊಳವೆ ಹಾಕಿ ಮೇಲ್ಚಾವಣಿ ಮಟ್ಟಕ್ಕೆ ಎತ್ತಿದರೆ ಸ್ನಾರ್ಕೆಲ್. ಫೋರ್ಸ್ ಗೂರ್ಖಾಗೆ ಕಂಪನಿಯಿಂದಲೇ ಬರುತ್ತದೆ. ಟ್ರ್ಯಾಕ್ಟರ್ ಬಾನೆಟ್ ಮೇಲೆ ಹೊಗೆ ಉಗುಳುತ್ತಾ ನಿಂತಿರುವುದು ಮಾತ್ರ ಸೈಲೆನ್ಸರ್, ಅದರ ಕೆಲಸ ಉಲ್ಟಾ. ನಮ್ಮ ಬಯಲುಸೀಮೆಯಲ್ಲಿ ಜೀಪಿನ ಸ್ನಾರ್ಕೆಲ್ಲಿನ ನಿಜವಾದ ಲಾಭ ನೀರಿಗಿಂತ ಧೂಳಿಗೆ, ಮೇಲಿನ ಗಾಳಿಯಲ್ಲಿ ಧೂಳು ಕಡಿಮೆ, ಏರ್ ಫಿಲ್ಟರ್ ಜಾಸ್ತಿ ದಿನ ಬರುತ್ತದೆ.

ನೀರು ಎಂಜಿನ್ ಒಳಗೆ ಹೋದರೆ ಏನಾಗುತ್ತದೆ ಅಂದರೆ, ಪಿಸ್ಟನ್ ಗಾಳಿಯನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ನಮ್ಮ ಚಿಕ್ಕಪ್ಪ ಚೆನ್ನಾಗಿ ಕಾಣುತ್ತದೆ ಅಂತ ಒಂದು ಕಡೆ ಸ್ನಾರ್ಕೆಲ್ ಹಾಕಿಸಿದ್ದರು, ಅದು ಒಳಗೆ ಎಲ್ಲಿಗೂ ಜೋಡಿಸಿರದ ಬರೀ ತೋರಿಕೆಯ ಪ್ಲಾಸ್ಟಿಕ್. ಮಳೆ ರಾತ್ರಿ ರೈಲ್ವೆ ಅಂಡರ್‌ಪಾಸಲ್ಲಿ ಅದನ್ನು ನಂಬಿ ಇಳಿಸಿದರು. ಎಂಜಿನ್ ನಿಂತಿತು. ಅಲ್ಲಿಗೇ ಬಿಟ್ಟಿದ್ದರೆ ಉಳಿಯುತ್ತಿತ್ತೇನೋ, ಮತ್ತೆ ಕೀ ತಿರುಗಿಸಿದರು, ಟಕ್ ಅಂತ ಒಂದೇ ಸದ್ದು. ಅದಕ್ಕೇ, ನೀರಲ್ಲಿ ಬಂಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಇಳಿದು ತಳ್ಳಿಸಿ. ಸ್ನಾರ್ಕೆಲ್ ಎಷ್ಟೇ ಒಳ್ಳೆಯದಿದ್ದರೂ ವೈರಿಂಗ್, ಗೇರ್ ಬಾಕ್ಸ್‌ನ ಗಾಳಿ ಕಿಂಡಿ ಕೆಳಗೇ ಇರುತ್ತವೆ. ಮತ್ತೆ ಹರಿಯುವ ನೀರು ಒಂದೆರಡು ಅಡಿ ಇದ್ದರೂ ಬಂಡಿಯನ್ನೇ ಎತ್ತಿಕೊಂಡು ಹೋಗುತ್ತದೆ.

ಬೇರೆ ಎಲ್ಲೆಲ್ಲಿ ಈ ಪದ ಬಳಸುತ್ತಾರೆ?

ಅಗ್ನಿಶಾಮಕ ದಳದವರು ಮೊಣಕೈಯಂತೆ ಮಡಚುವ ಎತ್ತರದ ತೊಟ್ಟಿಲು ಏಣಿಗೆ ಸ್ನಾರ್ಕೆಲ್ ಅನ್ನುತ್ತಾರೆ, 1958ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಂದ ಹೆಸರು. ಮುಖದ ಮುಂದೆ ಕೊಳವೆಯಂತೆ ಚಾಚುವ ಟೋಪಿಯ ಚಳಿ ಜಾಕೆಟ್ಟಿಗೂ ಅದೇ ಹೆಸರು. ನನಗೆ ಇಷ್ಟವಾದದ್ದು ಪೆನ್ನು. 1952ರಲ್ಲಿ ಶೆಫರ್ ಕಂಪನಿ ತಂದ ಸ್ನಾರ್ಕೆಲ್ ಅನ್ನುವ ಇಂಕ್ ಪೆನ್ನಿನಲ್ಲಿ, ಹಿಂದೆ ತಿರುಗಿಸಿದರೆ ನಿಬ್ಬಿನ ಅಡಿಯಿಂದ ಸೂಜಿಯಂಥ ಕೊಳವೆ ಹೊರಗೆ ಬರುತ್ತದೆ. ಅದನ್ನಷ್ಟೇ ಮಸಿಯಲ್ಲಿ ಅದ್ದಿ ತುಂಬಿಸಬಹುದು, ನಿಬ್ಬೂ ಬೆರಳೂ ಮಸಿಯಾಗುವುದಿಲ್ಲ.

ಗಿಡ, ಹುಳುಗಳಿಗೂ ಸ್ನಾರ್ಕೆಲ್ ಇದೆಯಂತೆ, ನಿಜಾನಾ?

ನಿಜ. ಹೊನ್ನಾವರದ ಹತ್ತಿರ ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಕಾಡಿದೆ. ಅಲ್ಲಿ ಕೆಲವು ಗಿಡಗಳ ಬೇರು ಕೆಸರಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆ ಎದ್ದಿರುತ್ತವೆ, ಗಾಳಿಗಾಗಿ. ನೇತ್ರಾಣಿಗೆ ಹೋದವರು ಬರುವಾಗ ನೋಡಿಕೊಂಡು ಬನ್ನಿ.

ಅಷ್ಟು ದೂರ ಹೋಗಲಾಗದಿದ್ದರೆ ಮನೆ ಹಿಂದೆಯೇ ಇದೆ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ನಮ್ಮ ಬಡಾವಣೆಗಳಲ್ಲಿ ಎಲ್ಲರ ಮನೆಯಲ್ಲೂ ಡ್ರಮ್ಮು ಇರುತ್ತದಲ್ಲ, ಮುಚ್ಚಳ ಮರೆತ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬಾಲದ ತುದಿಯಲ್ಲಿ ಒಂದು ಸಣ್ಣ ಕೊಳವೆ, ಅದರ ಬಾಯಿ ಸರಿಯಾಗಿ ನೀರಿನ ಮೇಲ್ಮಟ್ಟಕ್ಕೆ ತಾಗಿರುತ್ತದೆ. ಬೆರಳು ತಾಗಿಸಿದರೆ ಎಲ್ಲ ಕುಣಿಯುತ್ತಾ ಕೆಳಗೆ ಓಡುತ್ತವೆ, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಬಾಲ ಮೇಲೆ ಮಾಡಿಕೊಂಡು ಬಂದು ಮತ್ತೆ ಉಸಿರಿಗೆ ನೇತಾಡುತ್ತವೆ. ಡೆಂಗಿ ಹರಡುವ ಸೊಳ್ಳೆಯ ಮರಿಗೂ ಇದೇ ಕೊಳವೆ. ಮಲೇರಿಯಾ ಹರಡುವ ಸೊಳ್ಳೆಯ ಮರಿಗೆ ಕೊಳವೆ ಇರುವುದಿಲ್ಲ, ಅದು ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ನಿಂತ ನೀರಿಗೆ ಎಣ್ಣೆ ಬಿಡುತ್ತಿದ್ದದ್ದು ಈ ಉಸಿರಿನ ದಾರಿ ಕಟ್ಟಲಿ ಅಂತಲೇ. ಮಕ್ಕಳಿಗೆ ತೋರಿಸಿ, ಐದು ನಿಮಿಷ ನೋಡಲಿ. ನೋಡಿ ಆದ ಮೇಲೆ ಆ ನೀರನ್ನು ಚರಂಡಿಗೆ ಬಿಡದೆ ಒಣ ಮಣ್ಣಿಗೆ ಚೆಲ್ಲಿ, ಡ್ರಮ್ಮಿನ ಒಳಗೋಡೆ ಉಜ್ಜಿ ತೊಳೆದು, ಮುಚ್ಚಳ ಹಾಕಿ.